ನೀತಿಯ ಬೋಧನೆ ಮತ್ತು ಊಟದ ಪಂಕ್ತಿ

(ಮಂಗಳೂರಿನ ಬಲ್ಮಠದಲ್ಲಿ, ಶುಭ ಶುಕ್ರವಾರಕ್ಕೆ ಮುಂಚಿನ ವಾರಗಳಲ್ಲಿ, ಬೇರೆ ಬೇರೆ ಸಭೆಗಳ ಕ್ರೈಸ್ತರೂ ಕ್ರೈಸ್ತರಲ್ಲದ ಆಸಕ್ತರೂ ಸೇರಿದ್ದ ಒಂದು ಸಂಜೆ ನೀಡಿದ ಉಪನ್ಯಾಸದ ಬರಹ ರೂಪ.)

ಮಾನ್ಯರೇ,

ಪಾಪಿಯಾದ ಮನುಷ್ಯನು ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು, ಅಂದರೆ ನಿರ್ದೋಷಿಯೆಂದು ಸ್ವೀಕಾರ ಹೊಂದುವುದು, ಹೇಗೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡವರು ಸಾಮಾನ್ಯವಾಗಿ ಹದಿನಾರನೆಯ ಶತಮಾನದ ಜರ್ಮನ್ ಸಭಾಸುಧಾರಕ ಮಾರ್ಟಿನ್ ಲೂಥರನಿಂದ ಆರಂಭಿಸುತ್ತಾರೆ. ನಾನು ಅವನಿಗಿಂತ ಸುಮಾರು ಹದಿನಾಲ್ಕೂವರೆ ಶತಮಾನ ಹಿಂದಕ್ಕೆ, ಸಿರಿಯಾ ಸೀಮೆಯ ಅಂತಿಯೋಕ್ಯ ಪಟ್ಟಣದಲ್ಲಿ ಊಟದ ವಿಷಯಕ್ಕೆ ಎದ್ದ ಒಂದು ಜಗಳಕ್ಕೆ ಹೋಗುತ್ತೇನೆ. ಅಂತಿಯೋಕ್ಯದ ಸಭೆಯಲ್ಲಿ ಯೆಹೂದ್ಯರೂ ಅನ್ಯಜನರೂ (ಯೆಹೂದ್ಯರಲ್ಲದವರೂ) ಇದ್ದರು. ಅಪೊಸ್ತಲನಾದ ಪೇತ್ರನು ಅಲ್ಲಿಗೆ ಬಂದಾಗ ಮೊದಮೊದಲು ಅನ್ಯಜನರೊಂದಿಗೆ ಕುಳಿತು ಊಟಮಾಡುತ್ತಿದ್ದನು. ಆದರೆ ಯೆರೂಸಲೇಮಿನಿಂದ, ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯ ಕೆಲವರು ಬಂದೊಡನೆ, ಸುನ್ನತಿಯವರಿಗೆ ಹೆದರಿ, ಹಿಂದೆಗೆದು ಬೇರೆಯಾದನು. ಉಳಿದ ಯೆಹೂದ್ಯರೂ ಅವನಂತೆಯೇ ಮಾಡಿದರು. ಅಪೊಸ್ತಲ ಪೌಲನ ಜೊತೆಗಾರನಾದ ಬಾರ್ನಬನಂಥ ಬಾರ್ನಬನೂ ಅವರ ಕಪಟದಲ್ಲಿ ಸೇರಿಹೋದನು. ಆಗ ಪೌಲನು ಎಲ್ಲರ ಮುಂದೆ ಪೇತ್ರನನ್ನು ಎದುರಿಸಿ ಮಾತನಾಡಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ತಾನೇ ದಾಖಲಿಸಿದ್ದಾನೆ. ಮನುಷ್ಯನು ನೀತಿವಂತನೆಂಬ ನಿರ್ಣಯ ಹೊಂದುವುದು ಮೋಶೆಯ ಧರ್ಮಶಾಸ್ತ್ರದ ಕರ್ಮಗಳನ್ನು ಅನುಸರಿಸಿದ್ದರಿಂದಲ್ಲ, ಯೇಸು ಕ್ರಿಸ್ತನಲ್ಲಿ ಇಟ್ಟ ನಂಬಿಕೆಯಿಂದ ಎಂಬ ಪ್ರಸಿದ್ಧ ವಾಕ್ಯ ಬರುವುದು ಈ ಜಗಳದ ವರದಿಯ ಬೆನ್ನಿಗೇ, ಹದಿನಾರನೆಯ ವಚನದಲ್ಲಿ. ರೋಮಾಪುರದವರಿಗೆ ಬರೆದ ಪತ್ರಿಕೆಯ ದೀರ್ಘ ವಿವರಣೆ ಆಮೇಲಿನದು.

ಯಾರು ಯಾರ ಪಕ್ಕದಲ್ಲಿ ಕುಳಿತು ಉಣ್ಣಬಹುದು ಎಂಬುದು ಎಷ್ಟು ದೊಡ್ಡ ಪ್ರಶ್ನೆಯೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿಯಲ್ಲಿ ಯಾರಿಗೆ ಎಲೆ ಹಾಕಿದ್ದಾರೆ, ಎಲ್ಲಿ ಹಾಕಿದ್ದಾರೆ ಎಂಬುದನ್ನು ನೋಡಿಯೇ ಮನುಷ್ಯನ ಸ್ಥಾನ ತಿಳಿಯುವ ಸಮಾಜದಲ್ಲಿ ನಾವು ಬೆಳೆದಿದ್ದೇವೆ. ದೇವರು ಯಾವ ಆಧಾರದ ಮೇಲೆ ಒಬ್ಬನನ್ನು ಸ್ವೀಕರಿಸುತ್ತಾನೋ ಅದೇ ಆಧಾರದ ಮೇಲೆ ನಾವೂ ಅವನನ್ನು ಸ್ವೀಕರಿಸಬೇಕು; ದೇವರು ಕೇಳದ ಅರ್ಹತೆಯನ್ನು ನಾವು ಕೇಳುವಂತಿಲ್ಲ. ಪೌಲನ ವಾದದ ತಿರುಳು ಇದು. ನೀತಿಯ ಬೋಧನೆಯನ್ನು ಒಬ್ಬ ವ್ಯಕ್ತಿಯ ಆತ್ಮಕ್ಕೂ ದೇವರಿಗೂ ನಡುವಿನ ಖಾಸಗಿ ವ್ಯವಹಾರವೆಂದು ಓದುವವರು, ಮತ್ತು ದೇವರೊಡನೆ ಸಮಾಧಾನ ಮೊದಲು, ಮನುಷ್ಯರೊಡನೆ ಸಮಾಧಾನ ಆಮೇಲೆ ಅನುಕೂಲವಾದರೆ ಎಂದು ಅದನ್ನು ಎರಡು ತುಂಡು ಮಾಡುವವರು, ಈ ಬೋಧನೆ ಯಾವ ಜಗಳದಲ್ಲಿ ಬಾಯಿಗೆ ಬಂತು ಎಂಬುದನ್ನು ಮರೆತಿದ್ದಾರೆಂದು ನನಗೆ ತೋರುತ್ತದೆ.

ಈಗ ಬೋಧನೆಯ ಒಳಕ್ಕೆ ಹೋಗೋಣ. ನೇಮದ ದಿನ ಕುಟುಂಬದ ತಕರಾರನ್ನು ದೈವದ ಮುಂದಿಟ್ಟು ನುಡಿ ಕೇಳುವ ತುಳುನಾಡಿನಲ್ಲಿ, ನ್ಯಾಯ ತೀರಿಸುವ ದೇವರೆಂಬ ಕಲ್ಪನೆ ಪರಕೀಯವಲ್ಲ. ಹಳೆಯ ಒಡಂಬಡಿಕೆಯ ದೇವರೂ ನ್ಯಾಯಾಧಿಪತಿಯೇ. ಆದರೆ ಅಲ್ಲಿ ದೇವರ ನೀತಿಯೆಂಬುದು ಶಿಕ್ಷೆ ವಿಧಿಸುವ ಅಧಿಕಾರವಷ್ಟೇ ಆಗಿರದೆ, ತುಳಿತಕ್ಕೊಳಗಾದವನ ಪಕ್ಷಕ್ಕೆ ನಿಂತು ಕೆಟ್ಟುಹೋದದ್ದನ್ನು ಸರಿಪಡಿಸುವ ಕಾರ್ಯವೂ ಆಗಿದೆ. ಅನಾಥನಿಗೆ ನ್ಯಾಯ ತೀರಿಸಿರಿ, ವಿಧವೆಯ ಪರವಾಗಿ ವಾದಿಸಿರಿ ಎಂದು ಯೆಶಾಯನ ಮೊದಲನೆಯ ಅಧ್ಯಾಯವೇ ಹೇಳುತ್ತದೆ; ಅದೇ ಗ್ರಂಥದ 51ನೆಯ ಅಧ್ಯಾಯದಲ್ಲಿ ದೇವರು ತನ್ನ ನೀತಿಯನ್ನೂ ರಕ್ಷಣೆಯನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತಾನೆ. ಅದೇ ಹಳೆಯ ಒಡಂಬಡಿಕೆ ನ್ಯಾಯಾಧಿಪತಿಗಳಿಗೆ ಒಂದು ಕಟ್ಟಪ್ಪಣೆಯನ್ನೂ ಕೊಟ್ಟಿದೆ. ದೋಷಿಯನ್ನು ನಿರ್ದೋಷಿಯೆಂದು ತೀರ್ಪು ಮಾಡುವವನೂ ನಿರ್ದೋಷಿಯನ್ನು ದೋಷಿಯೆನ್ನುವವನೂ ಯೆಹೋವನಿಗೆ ಅಸಹ್ಯರೆಂದು ಜ್ಞಾನೋಕ್ತಿಗಳ 17ನೆಯ ಅಧ್ಯಾಯ ಸಾರುತ್ತದೆ; ದುಷ್ಟನನ್ನು ನಾನು ನಿರಪರಾಧಿಯೆಂದು ತೀರ್ಮಾನಿಸುವುದಿಲ್ಲವೆಂದು ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ ದೇವರೇ ನುಡಿಯುತ್ತಾನೆ.

ಇದನ್ನೆಲ್ಲ ಬಾಯಿಪಾಠವಾಗಿ ಬಲ್ಲ, ಧರ್ಮಶಾಸ್ತ್ರದ ವಿಷಯದಲ್ಲಿ ಕಟ್ಟುನಿಟ್ಟಾದ ಫರಿಸಾಯರೆಂಬ ಯೆಹೂದ್ಯ ಪಂಥದ ಶಿಕ್ಷಣ ಪಡೆದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ದೇವರನ್ನು ಭಕ್ತಿಹೀನರನ್ನು ನೀತಿವಂತರೆಂದು ನಿರ್ಣಯಿಸುವಾತನೆಂದು ಕರೆಯುತ್ತಾನೆ. ನ್ಯಾಯಾಧಿಪತಿಗಳಿಗೆ ಯಾವುದು ನಿಷಿದ್ಧವೋ ಅದನ್ನೇ ದೇವರು ಮಾಡುತ್ತಾನೆಂದು ಹೇಳುವ ಧೈರ್ಯ ಇದು. ನಮಗೆ ಈ ಮಾತು ಎಷ್ಟು ರೂಢಿಯಾಗಿದೆಯೆಂದರೆ ಅದರ ಬೆಂಕಿ ತಟ್ಟುವುದೇ ಇಲ್ಲ. ಪೌಲನಿಗೆ ಅದು ತಟ್ಟಿತ್ತು; ಆದ್ದರಿಂದಲೇ ದೇವರು ತಾನೂ ನೀತಿಸ್ವರೂಪನಾಗಿ ಉಳಿದು, ಯೇಸುವನ್ನು ನಂಬುವವನನ್ನೂ ನೀತಿವಂತನೆಂದು ನಿರ್ಣಯಿಸುವುದು ಹೇಗೆಂದು ಮೂರನೆಯ ಅಧ್ಯಾಯದಲ್ಲೇ ಕೇಳಿಕೊಂಡು, ಉತ್ತರವನ್ನು ಕ್ರಿಸ್ತನ ಶಿಲುಬೆಯಲ್ಲಿ ಕಾಣುತ್ತಾನೆ.

ಅಬ್ರಹಾಮನ ಉದಾಹರಣೆಯನ್ನು ಅವನು ತರುವುದೂ ಇದಕ್ಕಾಗಿಯೇ. ಅಬ್ರಹಾಮನು ದೇವರನ್ನು ನಂಬಿದನು, ದೇವರು ಅದನ್ನು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಿದನು ಎಂಬ ಮಾತು ಇರುವುದು ಆದಿಕಾಂಡದ 15ನೆಯ ಅಧ್ಯಾಯದಲ್ಲಿ; ಅವನಿಗೆ ಸುನ್ನತಿಯಾದದ್ದು 17ನೆಯ ಅಧ್ಯಾಯದಲ್ಲಿ. ಹಾಗಿದ್ದಮೇಲೆ ಗುರುತು ಮೊದಲಲ್ಲ, ಸ್ವೀಕಾರ ಮೊದಲು ಎಂಬುದು ಪೌಲನ ಸರಳವಾದ, ಆದರೆ ಎದುರಾಳಿಗೆ ಉತ್ತರಿಸಲು ಕಷ್ಟವಾದ ವಾದ. ದುಡಿದವನಿಗೆ ಬರುವುದು ಕೂಲಿ, ಅದು ಉಪಕಾರವಲ್ಲ, ಸಲ್ಲಬೇಕಾದ ಬಾಕಿ. ದುಡಿಯದೆ ನಂಬಿದವನಿಗೆ ಬರುವುದು ಕೃಪೆ ಎಂದು ಅವನು ಲೆಕ್ಕದ ಪುಸ್ತಕದ ಭಾಷೆಯನ್ನೇ ಬಳಸುತ್ತಾನೆ. (1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕನ್ನೂ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕನ್ನೂ ಹುಟ್ಟಿಸಿದ ಜಿಲ್ಲೆಗೆ ಜಮೆ, ಖರ್ಚು, ಬಾಕಿಗಳ ಭಾಷೆಯನ್ನು ವಿವರಿಸುವ ತೊಂದರೆ ನನಗಿಲ್ಲ.) ಆದರೆ ಈ ಲೆಕ್ಕದ ಭಾಷೆಯಲ್ಲೇ ನಿಂತುಬಿಟ್ಟರೆ, ದೇವರೆಂದರೆ ಪುಣ್ಯಪಾಪಗಳ ಗುಮಾಸ್ತನಾಗುತ್ತಾನೆ, ಕ್ರಿಸ್ತನ ಸಾವು ಅವನ ಪುಸ್ತಕದಲ್ಲಿ ಬಾಕಿ ಹೊಂದಿಸುವ ಒಂದು ನಮೂದಾಗುತ್ತದೆ. ಪೌಲನು ಐದನೆಯ ಅಧ್ಯಾಯಕ್ಕೆ ಬಂದೊಡನೆ ಲೆಕ್ಕದ ಮಾತನ್ನು ಬಿಟ್ಟು ಹಗೆ ಮತ್ತು ಸಮಾಧಾನದ ಮಾತಿಗೆ ತಿರುಗುವುದು ಈ ಕಾರಣಕ್ಕೇ ಇರಬೇಕು.

ಅಲ್ಲಿ ಅವನು ಹೇಳುವುದು ಇಷ್ಟು: ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನು; ನಾವು ದೇವರಿಗೆ ವೈರಿಗಳಾಗಿದ್ದಾಗಲೇ ಆತನ ಮಗನ ಮರಣದಿಂದ ನಮಗೆ ಆತನೊಡನೆ ಸಮಾಧಾನವಾಯಿತು. ಎರಡನೆಯ ಕೊರಿಂಥ ಪತ್ರಿಕೆಯ ಐದನೆಯ ಅಧ್ಯಾಯ ಇದನ್ನು ಇನ್ನೂ ಬಿಗಿಯಾಗಿ ಹೇಳುತ್ತದೆ. ದೇವರು ಮನುಷ್ಯರ ಅಪರಾಧಗಳನ್ನು ಲೆಕ್ಕಕ್ಕೆ ಹಿಡಿಯದೆ, ಕ್ರಿಸ್ತನಲ್ಲಿ ಲೋಕವನ್ನು ತನಗೆ ಸಮಾಧಾನಪಡಿಸಿಕೊಳ್ಳುತ್ತಿದ್ದನು ಎಂಬುದು ಅಲ್ಲಿನ ಮಾತು. ಈ ವಾಕ್ಯದಲ್ಲಿ ಕ್ರಿಯೆ ನಡೆಸುವವನು ದೇವರು. ಮನಸ್ಸು ಬದಲಾಯಿಸಬೇಕಾದವನು ದೇವರೆಂದು ಹೊಸ ಒಡಂಬಡಿಕೆ ಒಂದು ಕಡೆಯೂ ಹೇಳುವುದಿಲ್ಲ. ಮುನಿದ ದೇವರನ್ನು ಒಲಿಸಿಕೊಳ್ಳುವುದಕ್ಕೆ ಮನುಷ್ಯನು ಹರಕೆ ಹೊತ್ತು ಹೋಗುವ ಚಿತ್ರವೂ ಅಲ್ಲಿಲ್ಲ. ಆಸ್ತಿ ಪಾಲಾದಂದಿನಿಂದ ಮಾತು ಬಿಟ್ಟಿರುವ ಅಣ್ಣತಮ್ಮಂದಿರನ್ನು ನಮ್ಮ ಊರುಗಳಲ್ಲಿ ನೋಡಿದ್ದೇವಲ್ಲ. ಅನ್ಯಾಯಕ್ಕೆ ಒಳಗಾದವನು ಅವನೇ ಮೊದಲು ನಮ್ಮ ಮೆಟ್ಟಿಲು ಹತ್ತಲಿ ಎನ್ನುತ್ತಾನೆ, ಹಾಗೆನ್ನುವುದಕ್ಕೆ ಅವನಿಗೆ ಹಕ್ಕೂ ಇದೆ. ಸುವಾರ್ತೆಯಲ್ಲಿ ಮೆಟ್ಟಿಲಿಳಿದು ಬರುವವನು ಅನ್ಯಾಯಕ್ಕೊಳಗಾದವನೇ. ದೇವರೊಂದಿಗೆ ಸಮಾಧಾನವಾಗಿರಿ ಎಂದು ಪೌಲನು ಆ ಅಧ್ಯಾಯದಲ್ಲಿ ಕ್ರಿಸ್ತನ ರಾಯಭಾರಿಯಾಗಿ ಬೇಡಿಕೊಳ್ಳುತ್ತಾನೆ. ಅವನ ಮಾತಿನಂತೆ, ಅವನ ಮೂಲಕ ಬೇಡಿಕೊಳ್ಳುತ್ತಿರುವವನು ದೇವರು. ನ್ಯಾಯಾಧಿಪತಿಯು ಅಪರಾಧಿಯನ್ನು ಬೇಡಿಕೊಳ್ಳುವ ಈ ಸ್ಥಿತಿಯನ್ನು ಜೀರ್ಣಿಸಿಕೊಳ್ಳುವುದು ಕ್ರೈಸ್ತ ದೇವಶಾಸ್ತ್ರಕ್ಕೆ ಯಾವಾಗಲೂ ಕಷ್ಟವಾಗಿದೆ.

ಕಷ್ಟವಾದದ್ದರ ಗುರುತು ಇತಿಹಾಸದಲ್ಲಿದೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಕ್ಯಾಂಟರ್‌ಬರಿಯ ಆನ್ಸೆಲ್ಮನು, ಮನುಷ್ಯನ ಪಾಪದಿಂದ ದೇವರ ಮಾನಕ್ಕೆ ಬಂದ ಕುಂದನ್ನು ತುಂಬಿಕೊಡಬೇಕಾದವನು ಮನುಷ್ಯ, ತುಂಬಿಕೊಡಬಲ್ಲವನು ದೇವರು ಮಾತ್ರ, ಆದ್ದರಿಂದ ದೇವಮಾನವನಾದ ಕ್ರಿಸ್ತನೇ ಬರಬೇಕಾಯಿತು ಎಂದು ವಾದಿಸಿದನು. ಆ ವಾದದ ಕಟ್ಟಡ ಭವ್ಯವಾದದ್ದು. ಪಾಪವನ್ನು ಹಗುರವಾಗಿ ನೋಡಬಾರದೆಂಬ ಅದರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಆಮೇಲಿನ ಎಷ್ಟೋ ಪ್ರಸಂಗಗಳಲ್ಲಿ ಅದು ಕುಗ್ಗಿ, ಕೋಪಗೊಂಡ ತಂದೆ ಮತ್ತು ಆತನ ಏಟನ್ನು ತನ್ನ ಮೈಮೇಲೆ ತೆಗೆದುಕೊಂಡ ಮಗ ಎಂಬ ಇಬ್ಬರ ಕಥೆಯಾಗಿಬಿಟ್ಟಿತು. ತಂದೆಯನ್ನೂ ಮಗನನ್ನೂ ಹೀಗೆ ಎದುರುಬದುರು ನಿಲ್ಲಿಸುವ ಪ್ರಸಂಗ ಕೊರಿಂಥ ಪತ್ರಿಕೆಯ ಆ ವಾಕ್ಯದ ಮುಂದೆ ನಿಲ್ಲಲಾರದು.

ಇನ್ನು ಲೂಥರ್. ದೇವರ ನೀತಿ ಎಂಬ ಮಾತನ್ನೇ ತಾನು ದ್ವೇಷಿಸುತ್ತಿದ್ದೆನೆಂದು, ಅದು ಪಾಪಿಗಳನ್ನು ದಂಡಿಸುವ ನೀತಿಯೆಂದು ತಿಳಿದಿದ್ದೆನೆಂದು, ರೋಮಾಪುರ ಪತ್ರಿಕೆಯ ಮೊದಲನೆಯ ಅಧ್ಯಾಯದ 17ನೆಯ ವಚನವನ್ನು ಹಗಲಿರುಳು ಧ್ಯಾನಿಸಿ ಅದು ದೇವರು ದಾನವಾಗಿ ಕೊಡುವ ನೀತಿಯೆಂದು ಅರಿತಾಗ ಸ್ವರ್ಗದ ಬಾಗಿಲು ತೆರೆದಂತಾಯಿತೆಂದು ಅವನು 1545ರಲ್ಲಿ, ಸಾಯುವುದಕ್ಕೆ ಒಂದು ವರ್ಷ ಮುಂಚೆ ಬರೆದನು. ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ ಕಥೋಲಿಕ ಸಭೆಯ ಉತ್ತರವನ್ನು ಕೊಟ್ಟಿತು: ನೀತಿವಂತನಾಗುವುದೆಂದರೆ ಪಾಪಗಳ ಕ್ಷಮೆಯಷ್ಟೇ ಅಲ್ಲ, ಅಂತರಂಗದ ಪರಿಶುದ್ಧತೆ ಮತ್ತು ನವೀಕರಣ ಕೂಡ. ಇವೆರಡಕ್ಕೂ ಮುಂಚೆ, 1541ರಲ್ಲಿ, ರೇಗನ್ಸ್‌ಬರ್ಗ್‌ನಲ್ಲಿ ಎರಡೂ ಕಡೆಯ ಪಂಡಿತರು ಕುಳಿತು ಇದೇ ವಿಷಯದಲ್ಲಿ ಒಂದು ಒಪ್ಪಂದದ ಬರಹಕ್ಕೆ ಬಂದಿದ್ದರೆಂಬುದನ್ನೂ, ಆ ಬರಹವನ್ನು ರೋಮ್ ಕೂಡ ಒಪ್ಪಲಿಲ್ಲ, ಲೂಥರ್ ಕೂಡ ಒಪ್ಪಲಿಲ್ಲವೆಂಬುದನ್ನೂ ನೆನೆದರೆ ವಿಷಾದವಾಗುತ್ತದೆ.

ಆ ಜಗಳ ಹಡಗು ಹತ್ತಿ ನಮ್ಮೂರಿಗೂ ಬಂತು. ಗೋವೆಯಿಂದ ಬಂದ ಕೊಂಕಣಿ ಕಥೋಲಿಕರು ಇಲ್ಲಿ ಶತಮಾನಗಳಿಂದ ನೆಲೆಸಿದ್ದರು. 1834ರಲ್ಲಿ ಸ್ವಿಟ್ಜರ್‌ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಂದಿಳಿದರು. 1878ರ ಕೊನೆಯ ದಿನ ಕಥೋಲಿಕರ ಯೇಸುಸಭೆಯವರು (ಜೆಸ್ಯೂಟರು) ಬಂದರು. ಒಂದು ಗುಡ್ಡದ ಮೇಲೆ ನಂಬಿಕೆಯಿಂದ ಮಾತ್ರ ಎಂಬ ಪ್ರಸಂಗ, ಇನ್ನೊಂದು ಗುಡ್ಡದ ಮೇಲೆ ಕುಮ್ಸಾರಿನ (ಪಾಪನಿವೇದನೆಯ) ಪೆಟ್ಟಿಗೆಯ ಮುಂದೆ ಮಂಡಿಯೂರಿದವರ ಸಾಲು. ನೀವು ಕ್ರಿಯೆಗಳಿಂದ ಸ್ವರ್ಗ ಕೊಳ್ಳುವವರು ಎಂದು ಇವರು, ನೀವು ಬಾಯಿಮಾತಿನ ನಂಬಿಕೆಯವರು ಎಂದು ಅವರು. ನನ್ನ ಹಿರಿಯರ ಕಾಲದವರೆಗೂ ಈ ಮಾತು ನಡೆಯುತ್ತಿತ್ತು. ಬ್ರಹ್ಮಾವರದ ಸಿರಿಯನ್ ಆರ್ಥಡಾಕ್ಸ್ ಸಂಪ್ರದಾಯದವರು ಈ ವ್ಯಾಜ್ಯದಿಂದ ಹೊರಗೆ ಉಳಿದರು; ಪೂರ್ವದ ಸಭೆಗಳು ರಕ್ಷಣೆಯನ್ನು ಕೋರ್ಟಿನ ತೀರ್ಪಿನಂತೆ ಕಾಣುವುದಕ್ಕಿಂತ ರೋಗ ವಾಸಿಯಾಗಿ ದೇವರ ಜೀವದಲ್ಲಿ ಪಾಲು ಹೊಂದುವುದಾಗಿ ಕಂಡವು.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಜಾಗತಿಕ ಒಕ್ಕೂಟವೂ ಕಥೋಲಿಕ ಸಭೆಯೂ ಈ ಬೋಧನೆಯ ಕುರಿತು ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮಲ್ಲಿನ ಯಾವ ಪುಣ್ಯದ ಕಾರಣದಿಂದಲೂ ಅಲ್ಲ, ಕೃಪೆಯಿಂದಲೇ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿ ಇಡುವ ನಂಬಿಕೆಯಲ್ಲಿ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಮತ್ತು ಪವಿತ್ರಾತ್ಮನು ನಮ್ಮ ಹೃದಯಗಳನ್ನು ನವೀಕರಿಸಿ ಸತ್ಕಾರ್ಯಗಳಿಗೆ ಕರೆಯುತ್ತಾನೆ ಎಂಬುದು ಅದರ ಸಾರ. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳೂ ಅದಕ್ಕೆ ಒಪ್ಪಿಗೆ ಕೊಟ್ಟರು. ನಾಲ್ಕೂವರೆ ಶತಮಾನ ಒಬ್ಬರನ್ನೊಬ್ಬರು ಶಪಿಸಿಕೊಂಡವರು ಆ ಶಾಪಗಳು ಇಂದಿನ ಎದುರಾಳಿಗೆ ತಗಲುವುದಿಲ್ಲವೆಂದು ಬರೆದುಕೊಟ್ಟದ್ದು ಸಣ್ಣ ಸಂಗತಿಯಲ್ಲ. ನಮ್ಮ ಪ್ರಸಂಗಪೀಠಗಳಿಗೆ ಮಾತ್ರ ಆ ಸುದ್ದಿ ಇನ್ನೂ ಸರಿಯಾಗಿ ತಲುಪಿಲ್ಲ.

ಯಾಕೋಬನ ಪತ್ರಿಕೆಯನ್ನು ಇಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಮನುಷ್ಯನು ನೀತಿವಂತನೆನಿಸುವುದು ನಂಬಿಕೆಯಿಂದ ಮಾತ್ರವಲ್ಲ, ಕ್ರಿಯೆಗಳಿಂದ ಎಂದು ಅದು ಹೇಳುತ್ತದಲ್ಲ ಎಂದು. ಯಾಕೋಬನು ಎದುರಿಸುತ್ತಿರುವುದು, ಉಡಲು ಬಟ್ಟೆಯಿಲ್ಲದ ಸಹೋದರನಿಗೆ ಬೆಚ್ಚಗಿರು, ತೃಪ್ತಿಯಾಗಿರು ಎಂದು ಹೇಳಿ ಕಳಿಸುವವನನ್ನು. ಪೌಲನು ಎದುರಿಸುತ್ತಿರುವುದು ಸುನ್ನತಿಯಿಲ್ಲದವನನ್ನು ಊಟಕ್ಕೆ ಕೂರಿಸಿಕೊಳ್ಳದವನನ್ನು. ಇಬ್ಬರೂ ಬೈಯುತ್ತಿರುವುದು ಬಹುಮಟ್ಟಿಗೆ ಒಬ್ಬನೇ ಮನುಷ್ಯನನ್ನು ಎಂದು ನನ್ನ ಎಣಿಕೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ದೇವರು ಅಪರಾಧವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದರೆ, ಆ ಅಪರಾಧದಿಂದ ನೊಂದವನ ಗತಿಯೇನು? ಮೋಸ ಮಾಡಿದವನು ದೇವರೊಡನೆ ರಾಜಿಯಾಗಿ ನೆಮ್ಮದಿಯಿಂದ ಮಲಗಿದರೆ, ಮೋಸ ಹೋದವನಿಗೆ ಸಿಕ್ಕಿದ ನ್ಯಾಯ ಯಾವುದು? ಇದಕ್ಕೆ ಲೂಕನ ಸುವಾರ್ತೆಯ 19ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಯೆರಿಕೋವಿನ ಜಕ್ಕಾಯನು ಸುಂಕದವರಲ್ಲಿ ಮುಖ್ಯನು, ಐಶ್ವರ್ಯವಂತನು. ರೋಮಿನ ಆಳ್ವಿಕೆಯಲ್ಲಿ ಆ ಐಶ್ವರ್ಯ ಎಲ್ಲಿಂದ ಬಂತೆಂದು ಊರಿಗೆಲ್ಲ ಗೊತ್ತಿತ್ತು. ಯೇಸು, ತನ್ನನ್ನು ನೋಡಲು ಮರ ಹತ್ತಿದ್ದ ಅವನನ್ನು ಇಳಿಸಿ, ಈಹೊತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಎನ್ನುತ್ತಾನೆ. ಅವನು ಪಶ್ಚಾತ್ತಾಪದ ಒಂದು ಮಾತನ್ನೂ ಆಡುವುದಕ್ಕೆ ಮೊದಲೇ ಈ ಕರೆ ಬಂತು. ಪಾಪಿಯ ಮನೆಗೆ ಹೋದನೆಂದು ಊರವರು ಗೊಣಗುತ್ತಾರೆ. ಇಲ್ಲಿಯೂ ತಕರಾರು ಪಂಕ್ತಿಯದೇ. ಆಮೇಲೆ ಜಕ್ಕಾಯನು ಎದ್ದು ನಿಂತು ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದೂ, ಅನ್ಯಾಯವಾಗಿ ಯಾರಿಂದಲಾದರೂ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದೂ ಹೇಳುತ್ತಾನೆ. ತಾನಾಗಿ ತಪ್ಪೊಪ್ಪಿಕೊಂಡವನಿಂದ ಧರ್ಮಶಾಸ್ತ್ರ ಕೇಳುತ್ತಿದ್ದದ್ದು ಅಸಲು ಮತ್ತು ಅದರ ಮೇಲೆ ಐದನೆಯ ಒಂದು ಪಾಲು ಮಾತ್ರ. ನಾಲ್ಕರಷ್ಟೆಂಬುದು ಕುರಿ ಕದ್ದು ಕೊಂದವನಿಗೋ ಮಾರಿದವನಿಗೋ ಹೇಳಿದ ದಂಡ. ಜಕ್ಕಾಯನು ತನ್ನನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡು ಲೆಕ್ಕ ಹಾಕುತ್ತಾನೆ. ದೇವರು ಬಿಟ್ಟುಕೊಟ್ಟ ಲೆಕ್ಕವನ್ನು, ನೊಂದವರ ಪಾಲಿಗೆ, ಅವನು ತಾನೇ ತೆರೆಯುತ್ತಾನೆ. ಹಣ ಹಿಂತಿರುಗಿಸಿದ್ದಕ್ಕೆ ಅವನಿಗೆ ಸ್ವೀಕಾರ ಸಿಗಲಿಲ್ಲ. ಸ್ವೀಕಾರ ಸಿಕ್ಕಿತೆಂದು ಹಣ ಹಿಂತಿರುಗಿಸುವುದು ತಪ್ಪಲೂ ಇಲ್ಲ.

ಈ ಎರಡನೆಯ ಭಾಗವನ್ನು ಬಿಟ್ಟ ರಾಜಿಗಳನ್ನು ನಾವು ಸಾಕಷ್ಟು ನೋಡಿದ್ದೇವೆ. ಹಿರಿಯರು ಸೇರಿ, ಆದದ್ದಾಯಿತು ಬಿಡು ಎಂದು ಬಲಹೀನನ ಬಾಯಿ ಮುಚ್ಚಿಸಿ, ಸಮಾಧಾನವಾಯಿತೆಂದು ಎದ್ದು ಹೋಗುವುದನ್ನು ಪ್ರವಾದಿಯಾದ ಯೆರೆಮೀಯನು ಸಮಾಧಾನವಿಲ್ಲದಿರುವಾಗ ಸಮಾಧಾನ ಸಮಾಧಾನವೆನ್ನುವುದು ಎಂದು ಕರೆದನು. ದಕ್ಷಿಣ ಆಫ್ರಿಕದಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗ, ಮಾಡಿದ್ದನ್ನು ಪೂರ್ತಿಯಾಗಿ ಬಯಲು ಮಾಡದವನಿಗೆ ಕ್ಷಮಾದಾನವಿಲ್ಲವೆಂಬ ನಿಯಮದಿಂದ ಸತ್ಯದ ಭಾಗವನ್ನು ಗಟ್ಟಿಯಾಗಿ ಹಿಡಿಯಿತು. ಆದರೆ ಆಯೋಗ ಶಿಫಾರಸು ಮಾಡಿದ ಆರು ವರ್ಷಗಳ ಪರಿಹಾರದ ಬದಲು 2003ರಲ್ಲಿ ಸರ್ಕಾರ ಸಂತ್ರಸ್ತರಿಗೆ ಒಮ್ಮೆಗೆ 30,000 ರ‍್ಯಾಂಡ್ ಕೊಟ್ಟು ಮುಗಿಸಿತು. ಅಲ್ಲಿ ಜಕ್ಕಾಯನ ಕಥೆ ಅರ್ಧಕ್ಕೆ ನಿಂತಿತು.

ನಮ್ಮ ಊರಿನ ಕಥೆಗೂ ಪೂರ್ಣತೆ ಬಂದಿಲ್ಲ. ದೀಕ್ಷಾಸ್ನಾನ ಪಡೆದವನು ಜಾತಿಯನ್ನು ಹೊರಗೆ ಬಿಟ್ಟೇ ಪ್ರಭುಭೋಜನಕ್ಕೆ ಬರಬೇಕೆಂದು ಬಾಸೆಲ್ ಮಿಷನ್ ಹಟ ಹಿಡಿಯಿತು. ಮನೆಯನ್ನೂ ಕಸುಬನ್ನೂ ಕಳೆದುಕೊಂಡು ಬಂದವರಿಗಾಗಿ ನೇಯ್ಗೆ, ಮುದ್ರಣ, 1865ರಿಂದ ಜೆಪ್ಪುವಿನ ಹಂಚಿನ ಕಾರ್ಖಾನೆ ನಡೆಸಿತು. ಆ ಹಟ ಅಂತಿಯೋಕ್ಯದ ಪೌಲನದೇ. ಹಾಗಿದ್ದರೂ ಕೊಂಕಣಿ ಕಥೋಲಿಕರಲ್ಲಿ ಬಾಮಣ್, ಚಾರೊಡಿ, ಸುದಿರ್ ಎಂಬ ಜಾತಿಭೇದ ಮದುವೆಯ ಮಾತುಕತೆಗಳಲ್ಲಿ ಉಳಿದುಕೊಂಡು ಬಂತು. ನಮ್ಮ ಸಭೆಗಳಲ್ಲಿಯೂ ಯಾವ ಕುಟುಂಬದವರು ಎಂಬ ಪ್ರಶ್ನೆಯ ಕೆಳಗೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. ಕೃಪೆಯಿಂದ ನೀತಿವಂತರಾದೆವೆಂದು ಹಾಡಿ, ಹೊರಗೆ ಬಂದು ಕುಲ ಕೇಳುವುದು ಪೇತ್ರನು ಎದ್ದು ಹೋದ ಪಂಕ್ತಿಯಿಂದ ನಾವೂ ಎದ್ದು ಹೋಗುವುದಲ್ಲದೆ ಬೇರೇನಲ್ಲ.

1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) 1950ರಲ್ಲಿ ತನ್ನ ಪ್ರಭುಭೋಜನದ ಆರಾಧನಾ ಕ್ರಮವನ್ನು ರಚಿಸುವಾಗ, ಕೇರಳದ ಸಿರಿಯನ್ ಕ್ರೈಸ್ತರಿಂದ ಒಂದು ಪದ್ಧತಿಯನ್ನು ತೆಗೆದುಕೊಂಡಿತು. ಅಂಗೈಗಳ ನಡುವೆ ಅಂಗೈ ಇಟ್ಟು ಪಕ್ಕದವನಿಗೆ ಸಮಾಧಾನವನ್ನು ದಾಟಿಸುವುದು. ಅದನ್ನು ಇಟ್ಟದ್ದು ಕಾಣಿಕೆಗಿಂತ ಮೊದಲು. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಅವನೊಡನೆ ಒಂದಾಗು ಎಂಬ ಮತ್ತಾಯನ ಐದನೆಯ ಅಧ್ಯಾಯದ ಆಜ್ಞೆಗೆ ಹೊಂದುವಂತೆ. ಕಥೋಲಿಕರ ಬಲಿಪೂಜೆಯಲ್ಲಿ ಅದು ಪರಲೋಕ ಪ್ರಾರ್ಥನೆಯ ನಂತರ, ಪ್ರಸಾದ ಸ್ವೀಕಾರಕ್ಕೆ ಮುಂಚೆ ಬರುತ್ತದೆ. ಸ್ಥಳ ಬೇರೆ, ಊಟಕ್ಕೆ ಮೊದಲು ಎಂಬುದು ಒಂದೇ. ಆ ಸಮಯದಲ್ಲಿ ನಾವು ಹುಡುಕಿಕೊಂಡು ಹೋಗುವುದು ಸ್ನೇಹಿತರನ್ನೇ ಹೊರತು ಮಾತು ಬಿಟ್ಟವರನ್ನಲ್ಲ. ಆ ಮಟ್ಟಿಗೆ ಕ್ರಮ ನಮಗಿಂತ ಮುಂದಿದೆ.

ಎದುರಿನವನು ಒಪ್ಪದಿದ್ದರೆ ಏನು ಮಾಡುವುದು ಎಂದು ಸಭಿಕರೊಬ್ಬರು ಕೇಳಿದರು. ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ, ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದು ರೋಮಾಪುರ ಪತ್ರಿಕೆಯ 12ನೆಯ ಅಧ್ಯಾಯ ಹೇಳುವಾಗ, ಸಾಧ್ಯವಾಗದಿರಬಹುದೆಂದು ಪೌಲನು ಒಪ್ಪಿಕೊಂಡೇ ಹೇಳುತ್ತಾನೆ. ಅವನು ಸ್ವತಃ ಇಂಥದ್ದಕ್ಕೆ ಕೈಹಾಕಿದ ಒಂದು ಪತ್ರ ನಮ್ಮ ಬಳಿ ಇದೆ, ಫಿಲೆಮೋನನಿಗೆ ಬರೆದದ್ದು. ಫಿಲೆಮೋನನ ದಾಸನಾದ ಒನೇಸಿಮನು ಒಡೆಯನಿಂದ ದೂರವಾಗಿ ಪೌಲನ ಬಳಿ ಬಂದು ಕ್ರೈಸ್ತನಾಗಿದ್ದಾನೆ. ಇನ್ನು ಮೇಲೆ ಅವನನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ. ಅವನು ನಿನಗೆ ಅನ್ಯಾಯ ಮಾಡಿದ್ದರೆ, ಸಾಲ ಇದ್ದರೆ, ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಪೌಲನು ತನ್ನ ಕೈಯಿಂದಲೇ ಬರೆದುಕೊಡುತ್ತಾನೆ. ರೋಮಾಪುರ ಪತ್ರಿಕೆಯಲ್ಲಿ ದೇವರ ವಿಷಯವಾಗಿ ಬರುವ ಲೆಕ್ಕದ ಮಾತು ಇಲ್ಲಿ ಸೆರೆಯಲ್ಲಿದ್ದ ಒಬ್ಬ ಮುದುಕನ ಕಿಸೆಗೆ ಇಳಿಯಿತು. ಫಿಲೆಮೋನನು ಏನು ಉತ್ತರ ಕೊಟ್ಟನೆಂಬುದು ಸತ್ಯವೇದದಲ್ಲಿಲ್ಲ. ಪೌಲನು ಮಾತ್ರ ಪತ್ರ ಮುಗಿಸುವ ಮುಂಚೆ ಇನ್ನೊಂದು ಮಾತು ಸೇರಿಸಿದ್ದಾನೆ: ನಾನು ಇಳಿದುಕೊಳ್ಳುವುದಕ್ಕೆ ಒಂದು ಕೋಣೆಯನ್ನು ಸಿದ್ಧಮಾಡಿಡು.